ಲಕ್ವ ಮುಟ್ಟದ ಕಾಲೂ ಸೊರಗುವುದೇಕೆ

ಮನೆಯವರಿಗೆ ಮೊದಲು ಸುಳಿವು ಕೊಡುವುದು ಬಳೆ. ಆಸ್ಪತ್ರೆಯಿಂದ ಮನೆಗೆ ಬಂದು ಮೂರು ವಾರವಾಗಿರುತ್ತದೆ, ಅಷ್ಟರಲ್ಲಿ ಅಜ್ಜಿಯ ಕೈಬಳೆ ಮಣಿಕಟ್ಟಿನಲ್ಲಿ ನಿಲ್ಲದೆ ಮೊಣಕೈ ಕಡೆಗೆ ಜಾರತೊಡಗುತ್ತದೆ. ಅಜ್ಜನಾದರೆ ಸೊಂಟದಲ್ಲಿ ಪಂಚೆ ನಿಲ್ಲುವುದಿಲ್ಲ. ಕಾಲಿಗೆ ಎಣ್ಣೆ ಹಚ್ಚುವ ಮಗಳ ಕೈಗೆ ಮೀನಖಂಡದ ಜಾಗದಲ್ಲಿ ಜೋಲುವ ಚರ್ಮ ಸಿಗುತ್ತದೆ. ನೋಡಲು ಬಂದ ನೆಂಟರು, "ಲಕ್ವ ಹೊಡೆದ ಮೇಲೆ ಇನ್ನೇನು, ಕೈಕಾಲು ಒಣಗಲೇಬೇಕಲ್ಲ" ಎಂದು ಸಮಾಧಾನ ಹೇಳಿ ಹೋಗುತ್ತಾರೆ. ಆದರೆ ಲಕ್ವ ಹೊಡೆದದ್ದು ಬಲಗಾಲಿಗೆ. ಎಡತೊಡೆಯನ್ನೂ ಒಮ್ಮೆ ಮುಟ್ಟಿ ನೋಡಿದರೆ ಅದೂ ಕರಗಿರುತ್ತದೆ. ಮಿದುಳಿನಲ್ಲಿ ರಕ್ತನಾಳ ಕಟ್ಟಿಕೊಂಡದ್ದಕ್ಕೂ ಆ ಎಡಗಾಲಿಗೂ ನೇರ ನಂಟಿಲ್ಲ. ಹಾಗಿದ್ದೂ ಅದು ಕರಗಿದ್ದೇಕೆ?

ಪಾರ್ಶ್ವವಾಯುವಿನ ನಂತರ ಯಾರ ಸ್ನಾಯು ಹೆಚ್ಚು ಕರಗುತ್ತದೆ, ಯಾವ ಕಾರಣಕ್ಕೆ ಎಂಬ ಬಗ್ಗೆ ಕಳೆದ ಐವತ್ತು ವರ್ಷಗಳಲ್ಲಿ ನಡೆದ ಕೆಲಸವನ್ನು ಓದುತ್ತ ಹೋದಂತೆ ನನಗೆ ಈ ಎಡಗಾಲಿನ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ ಎನಿಸಿದೆ. ಬಲಗಾಲಿನ ಕ್ಷಯದಲ್ಲಿ ಬಹುಪಾಲು ಮಿದುಳಿನ ಗಾಯದ್ದು. ಎಡಗಾಲಿನ ಕ್ಷಯಕ್ಕೆ ಕಾರಣವಾಗುವುದು ಹಾಸಿಗೆ, ಗಂಜಿ, ಜ್ವರ ಮತ್ತು ನಮ್ಮ ಕಾಳಜಿಯ ರೀತಿ.

ವಯಸ್ಸಾದಂತೆ ಮಾಂಸಖಂಡ ಕರಗುವುದಕ್ಕೆ 'ಸಾರ್ಕೋಪೀನಿಯಾ' ಎಂಬ ಹೆಸರು ಬಂದದ್ದು 1980ರ ದಶಕದ ಕೊನೆಯಲ್ಲಿ. ಹೆಸರಿಟ್ಟವರು ಅಮೆರಿಕದ ಪೌಷ್ಟಿಕತಜ್ಞ ಇರ್ವಿನ್ ರೋಸೆನ್‌ಬರ್ಗ್. ಗ್ರೀಕ್ ಭಾಷೆಯಲ್ಲಿ ಸಾರ್ಕ್ಸ್ ಎಂದರೆ ಮಾಂಸ, ಪೀನಿಯಾ ಎಂದರೆ ಬಡತನ. ಅದನ್ನು ಮುಪ್ಪಿನ ಸಹಜ ಗುಣವೆಂದು ಬಿಡದೆ ಒಂದು ಕಾಯಿಲೆಯೆಂದು ಅಮೆರಿಕದ ರೋಗಸೂಚಿಯಲ್ಲಿ ಸೇರಿಸಲು 2016ರವರೆಗೆ ಕಾಯಬೇಕಾಯಿತು. ಪಾರ್ಶ್ವವಾಯುವಿನ ನಂತರದ ಸ್ನಾಯುಕ್ಷಯ ಮುಪ್ಪಿನ ಕ್ಷಯಕ್ಕಿಂತ ಬೇರೆ, ಅದಕ್ಕೆ ಅದರದೇ ದಾರಿಯಿದೆ ಎಂದು ಬರ್ಲಿನ್‌ನ ವೋಲ್ಫ್ರಾಮ್ ಡೋಹ್ನರ್ ಮತ್ತು ಸಂಗಡಿಗರು 2013ರಲ್ಲಿ ವಾದಿಸಿದರು. ಮುಪ್ಪಿನ ಕ್ಷಯ ದಶಕಗಳ ಕೆಲಸ. ಇದು ದಿನಗಳಲ್ಲಿ ಶುರುವಾಗುತ್ತದೆ.

ಎಷ್ಟು ಜನರಿಗೆ ಹೀಗಾಗುತ್ತದೆ? ಹಲವು ಅಧ್ಯಯನಗಳನ್ನು ಕೂಡಿಸಿ 2020ರಲ್ಲಿ ಹಾಕಿದ ಒಂದು ಲೆಕ್ಕ ಶೇ. 42 ಎಂದಿತು. ಒಂದೊಂದು ಅಧ್ಯಯನವನ್ನೇ ತೆಗೆದು ನೋಡಿದರೆ ಅಂಕಿ ಇದಕ್ಕಿಂತ ತೀರ ಕೆಳಗೂ ಇದೆ, ಮೇಲೂ ಇದೆ. ಆಸ್ಪತ್ರೆಯಲ್ಲಿ ಎರಡನೇ ವಾರದಲ್ಲಿ ಅಳೆದರೆ ಒಂದು ಉತ್ತರ, ವರ್ಷವಾದ ಮೇಲೆ ನಡೆದು ಬಂದವರನ್ನಷ್ಟೇ ಅಳೆದರೆ ಇನ್ನೊಂದು. ನಡೆದು ಬರಲಾಗದವರು ಆ ಲೆಕ್ಕದಲ್ಲಿ ಇರುವುದೇ ಇಲ್ಲ.

ಅಳತೆಯಲ್ಲೇ ಒಂದು ತೊಡಕಿದೆ. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಒಪ್ಪಿಕೊಂಡ ಮಾನದಂಡದ ಪ್ರಕಾರ ಮುಷ್ಟಿಯ ಹಿಡಿತ ಗಂಡಸರಲ್ಲಿ 28 ಕಿಲೋ, ಹೆಂಗಸರಲ್ಲಿ 18 ಕಿಲೋಗಿಂತ ಕಡಿಮೆಯಿದ್ದರೆ, ಅಥವಾ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಅನುಮಾನ ಪಡಬೇಕು. ಲಕ್ವ ಹೊಡೆದವರಿಗೆ ಇದನ್ನು ಹೇಗೆ ಅನ್ವಯಿಸುವುದು? ಕೈ ಮುಷ್ಟಿ ಕಟ್ಟಲಾಗದಿರುವುದು ಸ್ನಾಯು ಇಲ್ಲದೆಯೋ, ಮಿದುಳಿನ ಆಜ್ಞೆ ತಲುಪದೆಯೋ ಎಂದು ಹಿಡಿತ ಅಳೆಯುವ ಯಂತ್ರಕ್ಕೆ ತಿಳಿಯದು. ಅದಕ್ಕೇ ಸಂಶೋಧಕರು ಸಾಮಾನ್ಯವಾಗಿ ಒಳ್ಳೆಯ ಕೈಯ ಹಿಡಿತ ನೋಡುತ್ತಾರೆ, ಜೊತೆಗೆ ಸ್ಕ್ಯಾನ್‌ನಲ್ಲಿ ಸ್ನಾಯುವಿನ ಗಾತ್ರ ಅಳೆಯುತ್ತಾರೆ. ಜಡವಾಗಿ ಬಿದ್ದ ಕಾಲಿನಲ್ಲಿ ನೀರು ತುಂಬಿ ಊದಿಕೊಂಡಿದ್ದರೆ ಆ ಗಾತ್ರವೂ ಮೋಸ ಮಾಡುತ್ತದೆ.

ಲಕ್ವ ಹೊಡೆದ ಬದಿಯಲ್ಲಿ ನಡೆಯುವುದೇನು ಎಂಬುದು ಹೆಚ್ಚು ಸ್ಪಷ್ಟ. ಬೆನ್ನುಹುರಿಯಲ್ಲಿರುವ ಒಂದೊಂದು ನರಕೋಶವೂ ತನ್ನದೇ ಒಂದು ಸ್ನಾಯುತಂತುಗಳ ಗುಂಪನ್ನು ಆಳುತ್ತದೆ. ಮೇಲಿನಿಂದ ಮಿದುಳಿನ ಸಂದೇಶ ನಿಂತುಹೋದಾಗ ಬೆನ್ನುಹುರಿಯ ಈ ಕೋಶಗಳೂ ಮಂಕಾಗುತ್ತವೆ. ಹೀಗೆ ಕೆಲಸ ಮಾಡುವ ಗುಂಪುಗಳ ಸಂಖ್ಯೆ ಎರಡರಿಂದ ಆರು ತಿಂಗಳೊಳಗೆ ಅರ್ಧಕ್ಕೆ ಇಳಿಯುತ್ತದೆ ಎಂದು ಅಲನ್ ಮ್ಯಾಕೋಮಾಸ್ ಮತ್ತು ಸಂಗಡಿಗರು 1973ರಲ್ಲೇ ತೋರಿಸಿದ್ದರು. ಈ ಇಳಿತ ಮೊದಲ ದಿನವೇ ಶುರುವಾಗಿರುತ್ತದೆ ಎಂದು ಮುಂದೆ ಜಪಾನಿನ ವೈದ್ಯರು ಕಂಡುಕೊಂಡರು. ಸ್ನಾಯುವಿನ ಗುಣವೂ ಬದಲಾಗುತ್ತದೆ. ಮುಪ್ಪಿನಲ್ಲಿ ಮೊದಲು ಸೊರಗುವುದು ಚುರುಕಾಗಿ ಮಿಡಿದು ಬೇಗ ದಣಿಯುವ ತಂತುಗಳು. ಲಕ್ವ ಹೊಡೆದ ಕಾಲಿನಲ್ಲಿ ಇದು ತಿರುವುಮುರುವು. ನಿಧಾನವಾಗಿ, ದಣಿಯದೆ ದುಡಿಯುವ ತಂತುಗಳು ಬೇಗ ದಣಿಯುವ ಜಾತಿಗೆ ತಿರುಗುತ್ತವೆ. ಹತ್ತು ಹೆಜ್ಜೆಗೆ ಕಾಲು ಸೋತು ಕೂತುಬಿಡುವವರನ್ನು ನಾವು ಧೈರ್ಯವಿಲ್ಲದವರು ಎಂದು ಬೈಯುತ್ತೇವೆ. ಸೋಲುತ್ತಿರುವುದು ಆ ತಂತುಗಳು. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸ್ಕ್ಯಾನ್ ಮಾಡಿ ಹೋಲಿಸಿದಾಗ ಲಕ್ವ ಹೊಡೆದ ತೊಡೆಯ ಸ್ನಾಯು ಇನ್ನೊಂದಕ್ಕಿಂತ ಶೇ. 20ರಷ್ಟು ಸಣ್ಣದಾಗಿತ್ತು, ಅದರೊಳಗಿನ ಕೊಬ್ಬು ಶೇ. 25ರಷ್ಟು ಹೆಚ್ಚಿತ್ತು. ಹೊರಗಿನಿಂದ ತೊಡೆ ತುಂಬಿಕೊಂಡಂತೆ ಕಂಡರೂ ಒಳಗಿರುವುದು ಸ್ನಾಯುವೇ ಎನ್ನುವಂತಿಲ್ಲ.

ಈಗ ಎಡಗಾಲಿಗೆ ಬರೋಣ. ನಾರ್ವೆಯ ಟ್ರೋಮ್ಸೋದಲ್ಲಿ ಲೋನ್ ಯೋರ್ಗೆನ್ಸೆನ್ ಮತ್ತು ಬ್ಯಾರ್ನೆ ಯಾಕೋಬ್ಸೆನ್ ರೋಗಿಗಳ ಎರಡೂ ಕಾಲುಗಳನ್ನು ಒಂದು ವರ್ಷ ಅಳೆಯುತ್ತ ಹೋದರು. 2001ರಲ್ಲಿ ಪ್ರಕಟವಾದ ಅವರ ಕೆಲಸ ಚಿಕ್ಕದು, ಆದರೆ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಮೊದಲ ವಾರ ನಡೆಯಲು ಆಗದಿದ್ದವರಲ್ಲಿ ಎರಡೇ ತಿಂಗಳಲ್ಲಿ ಎರಡೂ ಕಾಲುಗಳ ಸ್ನಾಯು ಕರಗಿತ್ತು. ಆ ಎರಡು ತಿಂಗಳಲ್ಲಿ ಮತ್ತೆ ನಡಿಗೆ ಕಲಿತವರಲ್ಲಿ ನಷ್ಟ ಕಡಿಮೆ. ಕಾಯಿಲೆಯೇ ಇಲ್ಲದ ದೇಹಕ್ಕೂ ಹಾಸಿಗೆ ಏನು ಮಾಡುತ್ತದೆ ಎನ್ನುವುದಕ್ಕೆ 2007ರ ಇನ್ನೊಂದು ಪ್ರಯೋಗವಿದೆ. ಸರಾಸರಿ 67 ವಯಸ್ಸಿನ ಆರೋಗ್ಯವಂತರು ಹತ್ತು ದಿನ ಹಾಸಿಗೆ ಬಿಟ್ಟೇಳದೆ ಮಲಗಿದರು. ಹತ್ತೇ ದಿನಕ್ಕೆ ಅವರ ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕಿಲೋ ಸ್ನಾಯು ಹೋಗಿತ್ತು. ಜ್ವರವಿಲ್ಲ, ಗಾಯವಿಲ್ಲ, ಊಟಕ್ಕೆ ಕೊರತೆಯಿಲ್ಲ. ಬರೀ ಮಲಗಿದ್ದಕ್ಕೆ.

ಹಾಗೆಂದು ಮೊದಲ ದಿನವೇ ಹಿಡಿದೆಬ್ಬಿಸಿ ನಡೆಸಬಾರದು. ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. ಆಸ್ಟ್ರೇಲಿಯಾದ ಜೂಲಿ ಬರ್ನ್‌ಹಾರ್ಟ್ ನೇತೃತ್ವದ 'ಅವರ್ಟ್' ಪ್ರಯೋಗದಲ್ಲಿ ಐದು ದೇಶಗಳ 2,104 ರೋಗಿಗಳಿದ್ದರು. 24 ಗಂಟೆಯೊಳಗೇ ಎಬ್ಬಿಸಿ ಹೆಚ್ಚು ಹೊತ್ತು ವ್ಯಾಯಾಮ ಮಾಡಿಸಿದವರಲ್ಲಿ ಮೂರು ತಿಂಗಳ ನಂತರ ಚೆನ್ನಾಗಿದ್ದವರು ಶೇ. 46. ಎಂದಿನ ಆರೈಕೆ ಪಡೆದವರಲ್ಲಿ ಶೇ. 50. 2015ರಲ್ಲಿ ಈ ಫಲಿತಾಂಶ ಬಂದಾಗ ಎಬ್ಬಿಸುವುದೇ ತಪ್ಪು ಎಂದು ಕೆಲವರು ಓದಿಕೊಂಡರು. ಎಂದಿನ ಆರೈಕೆಯ ಗುಂಪಿನವರನ್ನೂ ಬಹಳ ತಡವಾಗಿಯೇನೂ ಎಬ್ಬಿಸಿರಲಿಲ್ಲ ಎಂಬುದು ಆ ಓದಿನಲ್ಲಿ ಬಿಟ್ಟುಹೋಗುತ್ತದೆ. ಮೊದಲ ದಿನ ಅತಿಯಾಗಿ ದಣಿಸಬೇಡಿ, ಆಮೇಲೆ ಸ್ವಲ್ಪ ಸ್ವಲ್ಪ ಹೊತ್ತು, ದಿನಕ್ಕೆ ಹಲವು ಸಲ ಎಬ್ಬಿಸಿ ಎನ್ನುವುದು ಅದರಿಂದ ಸಿಗುವ ತಿಳಿವು. ಮೂರನೇ ವಾರವೂ "ಬೇಡ ಅಮ್ಮ, ಏಳಬೇಡ, ಎಲ್ಲ ಇಲ್ಲೇ ತಂದುಕೊಡ್ತೀವಿ" ಎನ್ನುವುದಕ್ಕೆ ಆ ಪ್ರಯೋಗದಲ್ಲಿ ಯಾವ ಬೆಂಬಲವೂ ಇಲ್ಲ.

ಹೊಡೆತ ಬೀಳುವ ದಿನ ಮೈಯಲ್ಲಿ ಎಷ್ಟು ಸ್ನಾಯುವಿತ್ತು ಎಂಬುದು ಇನ್ನೊಂದು ದೊಡ್ಡ ಅಪಾಯಾಂಶ. ಆಸ್ಪತ್ರೆಗೆ ಬರುವಾಗಲೇ ಸ್ನಾಯು ಬಡವಾಗಿದ್ದವರು ಚೇತರಿಸಿಕೊಳ್ಳುವುದು ನಿಧಾನ. ಇದನ್ನು ತಿಳಿಯಲು ವೈದ್ಯರು ಈಚೆಗೆ ಒಂದು ಜಾಣ ಉಪಾಯ ಕಂಡುಕೊಂಡಿದ್ದಾರೆ. ಪಾರ್ಶ್ವವಾಯು ಎಂದು ಬಂದ ಕೂಡಲೇ ತಲೆಯ ಸಿಟಿ ಸ್ಕ್ಯಾನ್ ಆಗಿಯೇ ಆಗುತ್ತದೆ. ಕಣತಲೆಯ ಮೇಲೆ ಅಗಿಯುವ ಸ್ನಾಯುವೊಂದಿದೆ, ಅದರ ದಪ್ಪವನ್ನು ಅದೇ ಚಿತ್ರದಲ್ಲಿ ಅಳೆದರೆ ಇಡೀ ಮೈಯ ಸ್ನಾಯುವಿನ ಅಂದಾಜು ಸಿಗುತ್ತದೆ. ಬೇರೆ ಖರ್ಚಿಲ್ಲ.

ಈ ವಿಷಯದಲ್ಲಿ ಭಾರತೀಯರ ಸ್ಥಿತಿ ಮೊದಲೇ ನಾಜೂಕು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ಚಿತ್ರವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಮೈಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಎಂಬ ಈ ಮೈಕಟ್ಟು ತಾಯಿಯ ಗರ್ಭದಲ್ಲೇ ರೂಪುಗೊಳ್ಳುತ್ತದೆ ಎಂಬುದು ಯಾಜ್ಞಿಕ್ ಅವರ ಜೀವಮಾನದ ಕೆಲಸ. ಇದರ ಮೇಲೆ ಸಕ್ಕರೆ ಕಾಯಿಲೆ. 2023ರ ಐಸಿಎಂಆರ್ ಲೆಕ್ಕದಲ್ಲಿ ಭಾರತದಲ್ಲಿ 10.1 ಕೋಟಿ ಜನ ಮಧುಮೇಹಿಗಳು. ಮಧುಮೇಹ ಪಾರ್ಶ್ವವಾಯುವಿಗೂ ಕಾರಣ, ಸ್ನಾಯುಕ್ಷಯಕ್ಕೂ ಕಾರಣ. ಸ್ನಾಯು ತನ್ನ ಪ್ರೋಟೀನನ್ನು ಹಿಡಿದಿಟ್ಟುಕೊಳ್ಳಲು ಇನ್ಸುಲಿನ್ನಿನ ಮಾತು ಕೇಳಬೇಕು, ಈ ಕಾಯಿಲೆಯಲ್ಲಿ ಅದು ಕೇಳುವುದಿಲ್ಲ. ಜೊತೆಗೆ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವ ಅಂಗವೇ ಸ್ನಾಯು. ಸ್ನಾಯು ಕರಗಿದರೆ ಸಕ್ಕರೆ ಏರುತ್ತದೆ, ಸಕ್ಕರೆ ಏರಿದರೆ ಸ್ನಾಯು ಇನ್ನಷ್ಟು ಕರಗುತ್ತದೆ.

ವಯಸ್ಸಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎಲ್ಲ ಅಧ್ಯಯನಗಳೂ ಒಪ್ಪುವ ಅಂಶವದು. ಹೆಣ್ಣು ಗಂಡಿನ ವ್ಯತ್ಯಾಸದಲ್ಲಿ ಮಾತ್ರ ಒಮ್ಮತವಿಲ್ಲ. ಕೆಲವು ಕಡೆ ಹೆಂಗಸರಿಗೆ ಅಪಾಯ ಹೆಚ್ಚು ಎಂದಿದೆ, ಕೆಲವು ಕಡೆ ಗಂಡಸರಿಗೆ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುತ್ತ ಬಂದ ಹೆಂಗಸಿನ ಮೈ ಆ ದಿನಕ್ಕೆ ಎಷ್ಟು ಸ್ನಾಯು ಕೂಡಿಟ್ಟಿರುತ್ತದೆ ಎಂದು ಯೋಚಿಸಿದರೆ ನನ್ನ ಅನುಮಾನ ಯಾವ ಕಡೆಗೆ ಎಂದು ಹೇಳಬೇಕಾಗಿಲ್ಲ.

ಊಟದ ವಿಷಯಕ್ಕೆ ನಾನು ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ಅತಿ ಹೆಚ್ಚು ನಷ್ಟವಾಗುತ್ತಿರುವುದು ಇಲ್ಲಿ. ಪಾರ್ಶ್ವವಾಯುವಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮೊದಲ ದಿನಗಳಲ್ಲಿ ನುಂಗಲು ತೊಂದರೆ. ನೀರು ನೆತ್ತಿಗೇರುತ್ತದೆ, ಅನ್ನ ಕೆನ್ನೆಯೊಳಗೆ ಉಳಿಯುತ್ತದೆ. ಕೆಲವರಿಗೆ ಕೆಮ್ಮೂ ಬರದೆ ಆಹಾರ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಗ ಮೂಗಿನಲ್ಲಿ ರೈಲ್ಸ್ ಟ್ಯೂಬ್ ಬರುತ್ತದೆ. ಟ್ಯೂಬಿನಲ್ಲಿ ಹೋಗುವುದೇನು? ತೆಳ್ಳಗಿನ ರಾಗಿ ಗಂಜಿ, ಅಕ್ಕಿ ತಿಳಿ, ಎಳನೀರು, ಹಣ್ಣಿನ ರಸ. ಗಟ್ಟಿಯಾದರೆ ಕಟ್ಟಿಕೊಳ್ಳುತ್ತದೆ ಎಂಬ ಭಯದಿಂದ ಅದನ್ನೂ ಮತ್ತೆ ಸೋಸಿ ನೀರಾಗಿಸುತ್ತೇವೆ.

ಲೆಕ್ಕ ಹಾಕಿ. ಆರೋಗ್ಯವಂತರಿಗೆ ದಿನಕ್ಕೆ ಮೈತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಹೇಳಿತು. ಕಾಯಿಲೆ ಬಿದ್ದ ಹಿರಿಯರಿಗೆ 1.2ರಿಂದ 1.5 ಗ್ರಾಂ ಎನ್ನುವುದು ಯುರೋಪಿನ ಪೌಷ್ಟಿಕತಜ್ಞರ ಸಲಹೆ. ಅರವತ್ತು ಕಿಲೋ ತೂಕದವರಿಗೆ ಅದು ಕಡಿಮೆಯೆಂದರೂ 72 ಗ್ರಾಂ. ಮೂವತ್ತು ಗ್ರಾಂ ಹಿಟ್ಟಿನ ಒಂದು ಬಟ್ಟಲು ರಾಗಿ ಗಂಜಿಯಲ್ಲಿ ಇರುವುದು ಎರಡು ಗ್ರಾಂ ಚಿಲ್ಲರೆ. ದಿನಕ್ಕೆ ಐದು ಬಟ್ಟಲು ಕುಡಿಸಿದರೂ ಹತ್ತು ಹನ್ನೊಂದು. ಎರಡು ಲೋಟ ಹಾಲು ಸೇರಿಸಿದರೆ ಇನ್ನು ಹನ್ನೆರಡು ಹದಿಮೂರು. ಎಳನೀರಿನಿಂದ ಲೆಕ್ಕಕ್ಕೆ ಸಿಗುವಷ್ಟು ಏನೂ ಇಲ್ಲ. ಬೇಕಾದದ್ದರ ಮೂರನೇ ಒಂದು ಭಾಗ ಮುಟ್ಟುವಷ್ಟರಲ್ಲಿ ದಿನ ಮುಗಿಯಿತು. ಉಳಿದದ್ದನ್ನು ದೇಹ ತನ್ನದೇ ತೊಡೆಯಿಂದ, ಭುಜದಿಂದ ಕಿತ್ತು ತೆಗೆಯುತ್ತದೆ. ಬಲ ಎಡ ಎಂದು ನೋಡುವುದಿಲ್ಲ.

ಇದಕ್ಕೆ ಪಥ್ಯವೂ ಸೇರಿಕೊಳ್ಳುತ್ತದೆ. ಕಾಯಿಲೆಯ ಹೆಸರಿನಲ್ಲೇ 'ವಾಯು' ಇದೆ, ಆದ್ದರಿಂದ ವಾಯು ಪದಾರ್ಥ ಮುಟ್ಟಬಾರದು ಎಂದು ಅನೇಕ ಮನೆಗಳಲ್ಲಿ ತೊಗರಿಬೇಳೆ, ಕಡಲೆ, ಅವರೆ, ಅಲಸಂದೆ ಎಲ್ಲ ನಿಲ್ಲುತ್ತವೆ. ಮೊಟ್ಟೆ ಮಾಂಸ ಉಷ್ಣವೆಂದೋ ಕೊಬ್ಬೆಂದೋ ನಿಲ್ಲುತ್ತವೆ. ಸಸ್ಯಾಹಾರಿ ಮನೆಯಲ್ಲಿ ಬೇಳೆಕಾಳು ನಿಂತರೆ ಪ್ರೋಟೀನ್ ಬರುವ ದಾರಿಯೇ ಮುಚ್ಚಿದಂತೆ. ಆಯುರ್ವೇದವನ್ನೇ ನಂಬುವವರಿಗೆ ಒಂದು ಮಾತು ಹೇಳಬೇಕು: ಆ ಗ್ರಂಥಗಳು ಉದ್ದನ್ನು ವಾತಹರವೆಂದೂ ಬಲಕಾರಿಯೆಂದೂ ಎಣಿಸುತ್ತವೆ. ಬೇಯಿಸಿ ನುಣ್ಣಗೆ ರುಬ್ಬಿದ ಹೆಸರುಬೇಳೆ, ಹಾಲಿನ ಪುಡಿ ಕದಡಿದ ಹಾಲು, ಗಟ್ಟಿ ಮೊಸರು, ತಿನ್ನುವವರಾದರೆ ಮೊಟ್ಟೆ, ಇವೆಲ್ಲ ನುಂಗಲು ಕಷ್ಟವಿರುವವರಿಗೂ ಹದ ನೋಡಿ ಕೊಡಬಹುದಾದವು. ಯಾವ ಹದ, ಎಷ್ಟು ದಪ್ಪ ಎಂಬುದನ್ನು ನುಂಗುವಿಕೆ ಪರೀಕ್ಷಿಸಿದ ತಜ್ಞರು ಹೇಳಬೇಕು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರೋಟೀನಿನ ಮಿತಿಯನ್ನು ವೈದ್ಯರೇ ನಿಗದಿ ಮಾಡಬೇಕು.

ನುಂಗುವುದೂ ಸ್ನಾಯುವಿನ ಕೆಲಸವೇ ಎಂಬುದನ್ನು ಒತ್ತಿ ಹೇಳಿದವರು ಜಪಾನಿನ ವೈದ್ಯರು. ನಾಲಿಗೆ, ಗದ್ದದ ಕೆಳಗಿನ ಸ್ನಾಯುಗಳು ಮೈಯ ಉಳಿದ ಸ್ನಾಯುಗಳಂತೆಯೇ ಸೊರಗುತ್ತವೆ. ಲಕ್ವದಿಂದ ಬಂದ ನುಂಗುವ ತೊಂದರೆ ಕಡಿಮೆಯಾಗುವ ಹೊತ್ತಿಗೆ, ಉಪವಾಸದಿಂದ ಸೊರಗಿದ ನಾಲಿಗೆ ಹೊಸ ತೊಂದರೆ ತಂದಿಡುತ್ತದೆ. ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ, ಜ್ವರದಲ್ಲಿ ಸ್ನಾಯು ಇನ್ನೂ ವೇಗವಾಗಿ ಒಡೆಯುತ್ತದೆ.

ಆದರೆ ಎಲ್ಲರಿಗೂ ಡಬ್ಬಿಯ ಪುಡಿ ಕಲಸಿ ಕುಡಿಸಿದರೆ ಸರಿಹೋಗುತ್ತದೆಯೇ? ಬ್ರಿಟನ್ನಿನ ಮಾರ್ಟಿನ್ ಡೆನಿಸ್ ಮುನ್ನಡೆಸಿದ 'ಫುಡ್' ಪ್ರಯೋಗ 4,023 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 2005ರಲ್ಲಿ ಇಲ್ಲ ಎಂದಿತು. ಅವರಲ್ಲಿ ಬಹುಪಾಲು ಜನ ಮೊದಲೇ ಚೆನ್ನಾಗಿ ಉಂಡು ಬೆಳೆದವರು, ಸೊರಗಿ ಬಂದವರು ಕಡಿಮೆ. ಆ ಉತ್ತರವನ್ನು ನಮ್ಮ ಜಿಲ್ಲಾ ಆಸ್ಪತ್ರೆಯ ವಾರ್ಡಿಗೆ ಹಾಗೆಯೇ ತಂದು ಹಾಕುವುದು ತಪ್ಪೆಂದು ನನ್ನ ಅಭಿಪ್ರಾಯ. ಜಪಾನಿನ ಕುಮಾಮೋಟೋದಲ್ಲಿ ಯೋಶಿಹಿರೋ ಯೋಶಿಮುರಾ ಮತ್ತು ಸಂಗಡಿಗರು ಈಗಾಗಲೇ ಸ್ನಾಯು ಕರಗಿದ್ದ 44 ರೋಗಿಗಳನ್ನೇ ಆರಿಸಿಕೊಂಡರು. ಎಲ್ಲರಿಗೂ ವ್ಯಾಯಾಮ, ಅರ್ಧ ಜನರಿಗೆ ಅದರ ಜೊತೆ ಲ್ಯೂಸಿನ್ ಹೆಚ್ಚಿರುವ ಅಮೈನೋ ಆಮ್ಲ. ಎಂಟು ವಾರದಲ್ಲಿ ಎರಡನ್ನೂ ಪಡೆದವರ ಸ್ನಾಯು, ಹಿಡಿತ, ದಿನನಿತ್ಯದ ಕೆಲಸ ಮಾಡಿಕೊಳ್ಳುವ ಶಕ್ತಿ ಮೂರೂ ಮೇಲಾದವು. ಪ್ರಯೋಗ ಚಿಕ್ಕದು, ಆದರೂ ದಿಕ್ಕು ತೋರಿಸುತ್ತದೆ.

ಉಳಿದ ಅಪಾಯಾಂಶಗಳನ್ನು ಬೇಗ ಹೇಳಿಬಿಡುತ್ತೇನೆ. ಹೊಡೆತ ಎಷ್ಟು ದೊಡ್ಡದೋ ಕ್ಷಯವೂ ಅಷ್ಟು ಹೆಚ್ಚು. ಸೆಟೆದುಕೊಂಡ ಕೈಕಾಲು ತನ್ನಷ್ಟಕ್ಕೇ ಗಿಡ್ಡವಾಗಿ ಬಿಗಿಯುತ್ತದೆ. ದೇಹವಿಡೀ ಹರಡುವ ಉರಿಯೂತ ಸ್ನಾಯು ಕಟ್ಟುವುದನ್ನು ತಡೆಯುತ್ತದೆ. ಪಾರ್ಶ್ವವಾಯುವಾದ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ, ಊಟ ಬೇಡ ಎಂದು ಗೋಡೆಯ ಕಡೆ ತಿರುಗಿ ಮಲಗುವವರನ್ನು ಹಟಮಾರಿ ಎಂದುಕೊಂಡು ಅದನ್ನು ಗುರುತಿಸುವುದೇ ಇಲ್ಲ. ಮಂಪರು ತರುವ ಮಾತ್ರೆಗಳು ಹಗಲನ್ನೂ ಹಾಸಿಗೆಯಲ್ಲೇ ಕಳೆಯುವಂತೆ ಮಾಡುತ್ತವೆ.

ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಈವರೆಗಿನ ಹೆಚ್ಚಿನ ಅಧ್ಯಯನಗಳಿಗೆ ಸಾಧ್ಯವಾಗಿಲ್ಲ. ಒಂದೇ ದಿನ ನಿಂತು ಎಣಿಸಿದರೆ ಎಲ್ಲವೂ ಒಟ್ಟಿಗೇ ಸಿಗುತ್ತವೆ. ಹೊಡೆತ ದೊಡ್ಡದಾದವರಿಗೇ ನುಂಗಲು ಕಷ್ಟ, ಅವರಿಗೇ ಟ್ಯೂಬು, ಅವರೇ ಹೆಚ್ಚು ಮಲಗುವವರು, ಜ್ವರ ಬರುವುದೂ ಅವರಿಗೇ. ವಯಸ್ಸನ್ನು, ಹೊಡೆತದ ಗಾತ್ರವನ್ನು ನಾವು ಬದಲಿಸಲಾರೆವು. ಊಟ, ಹಾಸಿಗೆ, ನ್ಯುಮೋನಿಯಾ, ಖಿನ್ನತೆ ಬದಲಿಸಬಹುದಾದವು. ಸಂಖ್ಯಾಶಾಸ್ತ್ರ ಇನ್ನೂ ಬಿಡಿಸಬೇಕಿದ್ದರೂ ಮೊದಲು ಕೈ ಹಾಕಬೇಕಾದ್ದು ಇಲ್ಲಿಗೇ.

ಆ ಕೆಲಸ ಮಾಡುವವರು ಯಾರು? ಆಸ್ಪತ್ರೆಯಲ್ಲಿ ಇರುವುದು ಕೆಲವೇ ದಿನ. ಫಿಸಿಯೋಥೆರಪಿಸ್ಟ್ ಇರುವುದು ತಾಲ್ಲೂಕು ಕೇಂದ್ರದಲ್ಲಿ, ಆಟೋ ಬಾಡಿಗೆ ಕೊಟ್ಟು, ಒಬ್ಬರ ದಿನಗೂಲಿ ಬಿಟ್ಟು ಕರೆದೊಯ್ಯಬೇಕು. ಹಾಗಾದರೆ ಮನೆಯವರಿಗೇ ಕಲಿಸಿ ಕಳಿಸಿದರೆ? ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ನಡೆದ 'ಅಟೆಂಡ್' ಪ್ರಯೋಗ ಇದನ್ನೇ ಕೇಳಿತು. 2017ರಲ್ಲಿ ಬಂದ ಉತ್ತರ ನಿರಾಸೆಯದು: ಆರು ತಿಂಗಳ ನಂತರ ಮನೆಯವರಿಗೆ ಕಲಿಸಿದ ಗುಂಪಿನಲ್ಲೂ ಕಲಿಸದ ಗುಂಪಿನಲ್ಲೂ ಶೇ. 47 ಜನ ತೀರಿಕೊಂಡಿದ್ದರು ಅಥವಾ ಪರಾಧೀನರಾಗಿದ್ದರು. ಮನೆಯವರ ಪ್ರೀತಿ ಸಾಲದು ಎಂದು ಇದನ್ನು ಓದುವವರಿದ್ದಾರೆ. ಹೊಲಕ್ಕೂ ಹೋಗಿ, ಅಡುಗೆಯನ್ನೂ ಮಾಡಿ, ಮಕ್ಕಳನ್ನೂ ನೋಡುವ ಸೊಸೆಯ ಹೆಗಲಿಗೆ ಆಸ್ಪತ್ರೆಯ ಕೆಲಸವನ್ನೂ ಹಾಕಿದರೆ ಆಗುವುದಿಲ್ಲ ಎಂದು ನಾನು ಓದುತ್ತೇನೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಶುರು ಮಾಡಿದೆ. ಅದು ಮಿದುಳಿನ ಜೊತೆಗೆ ಈ ಮೀನಖಂಡವನ್ನೂ ಗಮನಿಸಬೇಕು, ಮನೆಬಾಗಿಲಿಗೆ ಬರುವ ಆರೋಗ್ಯ ಕಾರ್ಯಕರ್ತೆಯ ಚೀಲದಲ್ಲಿ ಬಿಪಿ ಯಂತ್ರದ ಪಕ್ಕ ಒಂದು ಅಳತೆ ಟೇಪೂ ಇರಬೇಕು ಎಂದು ನನ್ನ ಒತ್ತಾಯ.

ಟೇಪು ಎಂದರೆ ದರ್ಜಿಯ ಟೇಪೇ. ಮೀನಖಂಡದ ಅತಿ ದಪ್ಪ ಜಾಗದ ಸುತ್ತಳತೆ ಗಂಡಸರಲ್ಲಿ 34 ಸೆಂಟಿಮೀಟರ್, ಹೆಂಗಸರಲ್ಲಿ 33ಕ್ಕಿಂತ ಕಡಿಮೆಯಿದ್ದರೆ ಏಷ್ಯಾದ ಅದೇ ತಜ್ಞರ ಪ್ರಕಾರ ಪರೀಕ್ಷೆಗೆ ಕಳಿಸಬೇಕು. ಮೊದಲಿನಿಂದಲೂ ಸಣಕಲು ಮೈಯವರಿಗೆ ಆ ಗಡಿಗಿಂತ ವಾರದಿಂದ ವಾರಕ್ಕೆ ಆಗುವ ಇಳಿತವೇ ಮುಖ್ಯ. ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಪ್ರತಿ ಸೋಮವಾರ ಎರಡೂ ಕಾಲಿನ ಎರಡು ಅಂಕಿ ಬರೆದಿಡಬಹುದು. ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಪಕ್ಕದಲ್ಲಿ ಒಬ್ಬರು ನಿಂತು, ಹಿಡಿದೆತ್ತದೆ, ಅವರೇ ಎದ್ದು ಕೂರುವಂತೆ ದಿನಕ್ಕೆ ಕೆಲವು ಸಲ ಮಾಡಿಸಬಹುದು. ವೈದ್ಯರು ಸರಿ ಎಂದ ದಿನದಿಂದ ಇದನ್ನು ಶುರು ಮಾಡಬಹುದು. ಏಳುವಾಗ ಭಾರ ಹೊರುವುದು ಮೊದಲು ಲಕ್ವ ಮುಟ್ಟದ ಆ ಎಡಗಾಲೇ. ಅದಕ್ಕೇ ಕ್ಯಾಲೆಂಡರಿನ ಮೇಲಿನ ಎರಡು ಅಂಕಿಗಳಲ್ಲಿ ಎಡಗಾಲಿನದನ್ನು ಮೊದಲು ನೋಡಬೇಕು.